ಅಪರೂಪದ ಹಕ್ಕಿ ಕಂಡ್ರ ಏನೇನ್ ಮಾಡಬೇಕು, ಲೊಕೇಶನ್ ಎಷ್ಟು ಹೇಳಬೇಕು: ಕಲಬುರಗಿ, ಬೀದರ್, ಯಾದಗಿರಿ ಕಡಿಯವ್ರಿಗೆ ಸಮಗ್ರ ಮಾರ್ಗದರ್ಶಿ

ಚಳಿಗಾಲ ಶುರು ಆತಂದ್ರ ನಮ್ಮ ಕಡಿ ಅದೇ ಕಥಿ. ಯಾರಿಗೋ ಹೊಲದಾಗ ಒಂದು ಛಲೋ ಹಕ್ಕಿ ಕಾಣ್ತದ, ಅವ್ರು ಅಲ್ಲೇ ನಿಂತು ಫೋಟೋ ಹೊಡದು ಅಲ್ಲಿಂದಾನೇ ಲೊಕೇಶನ್ ಸಮೇತ ವಾಟ್ಸಾಪ್ ಗ್ರೂಪಿಗೆ ಹಾಕ್ತಾರ, ಅದು ಇನ್ನೊಂದು ಗ್ರೂಪಿಗೆ ಹೋಗ್ತದ, ಅಲ್ಲಿಂದ ಹೈದರಾಬಾದ್, ಸೊಲ್ಲಾಪುರದವ್ರಿಗೂ ಮುಟ್ತದ, ಬರೋ ಐತವಾರ ಆ ಬದುವಿನ ಬಾಜೂಕ ಕಾರು ನಿಂತಿರ್ತಾವ, ಮುಂದಿನ ವಾರ ನೋಡಿದ್ರ ಹಕ್ಕಿ ಇರಲ್ಲ. ಹಾಕಿದವ್ರು ಕೆಟ್ಟವ್ರಲ್ಲ, ಖುಷಿಗೆ ಹಾಕಿರ್ತಾರ. ತಪ್ಪು ಆಗೋದು ಕ್ರಮದಾಗ, ಮೊದಲು ಶೇರ್ ಆಮೇಲೆ ವಿಚಾರ. ಇದನ್ನ ತಿರುಗಿಸಬೇಕು ಅಷ್ಟೇ.

ಇದಕ್ಕ ಉಲ್ಟಾ ಇನ್ನೊಂದು ತಪ್ಪೂ ಅದ. ಲೀಕ್ ಆಗ್ತದ ಅಂತ ಹೆದರಿ ಏನೂ ಬರೀದೇ, ಯಾರಿಗೂ ಹೇಳದೇ ಇರೋದು. ನಮ್ಮ ಮಡ್ಡಿ, ಗಾಯರಾಣ, ಎರೆ ಹೊಲ ಇವೆಲ್ಲ ಕಾಗದದಾಗ ಭಾಳ ಕಡಿ ಪಾಳು ಭೂಮಿ ಅಂತಾನೇ ಇರ್ತಾವ. ನಾಳೆ ಅಲ್ಲಿ ಖಣಿ ಬಂತು, ಸೋಲಾರ್ ಪ್ಲಾಂಟ್ ಬಂತು ಅಂದಾಗ ಇಲ್ಲಿ ಹಕ್ಕಿ ಅದಾವ ಅಂತ ತೋರಿಸ್ಲಿಕ್ಕೆ ಒಂದು ತಾರೀಖು, ಒಂದು ಸಾಲು ಬರವಣಿಗಿನಾದ್ರೂ ಬೇಕಲ್ಲ. ಹಂಗಾಗಿ ಕೆಳಗಿನ ಎಲ್ಲಾ ಹಂತದ ಹಿಂದ ಇರೋ ಮಾತು ಒಂದೇ: ದಾಖಲೆ ಪೂರ್ತಿ ಮಾಡ್ರಿ, ಜಗತ್ತಿಗೆ ಹೇಳೋ ಜಾಗ ಮಾತ್ರ ಮಸುಕು ಮಾಡ್ರಿ.

ಹೊರಡೋಕೂ ಮೊದಲು ಏನೇನ್ ಬೇಕು

ಬೈನಾಕ್ಯುಲರ್ ಒಂದು ಬೇಕೇ ಬೇಕು. 8 ಇಂಟು 42 ಸೈಜಿಂದು (8 ಪಟ್ಟು ದೊಡ್ಡದಾಗಿ ತೋರಿಸೋದು, ಮುಂದಿನ ಲೆನ್ಸ್ 42 ಮಿಲಿಮೀಟರ್) ನಮ್ಮ ಬಯಲಿಗೆ ಸಾಕು, ಕೈ ನಡುಗಿದ್ರೂ ಹಕ್ಕಿ ನಿಂತು ಕಾಣ್ತದ. 10 ಪವರಿಂದು ತಗೊಂಡು ನಡುಗಿಸಿಕೊಂತ ನಿಂದ್ರೋದಕ್ಕಿಂತ ಇದು ಛಲೋ. ಇದು ಯಾಕ ಇಷ್ಟು ಮುಖ್ಯ ಅಂದ್ರ, ಬೈನಾಕ್ಯುಲರ್ ಇಲ್ಲದವ್ರು ಹತ್ರ ಹೋಗ್ತಾರ, ಹತ್ರ ಹೋದ್ರ ಹಕ್ಕಿ ಏಳ್ತದ.

ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್ (ಪೆನ್ನು ಬಿಸಿಲಿಗೆ ಒಣಗ್ತದ), ನೀರು, ತಲಿಗೆ ಟೊಪ್ಪಿಗಿ. ಬಟ್ಟಿ ಮಣ್ಣಿನ ಬಣ್ಣದ್ದು, ಬಿಳಿ ಅಂಗಿ ಎರೆ ಹೊಲದಾಗ ದೂರಿಂದಾನೇ ಹೊಳೀತದ. ಕ್ಯಾಮೆರಾ ಇದ್ರ ಇರ್ಲಿ, ಇಲ್ಲಂದ್ರೂ ನಡೀತದ. ಫೋಟೋ ಇಲ್ಲದ ರೆಕಾರ್ಡಿಗೂ ಬೆಲಿ ಅದ, ನೋಟ್ಸ್ ಛಲೋ ಇದ್ರ.

ಹಂತ 1: ಮನ್ಯಾಗ ಕುಂತು ಫೋನ್ ಸೆಟ್ಟಿಂಗ್ ಸರಿ ಮಾಡ್ಕೋರಿ

ಇದನ್ನ ಹೊಲದಾಗ ಮಾಡ್ತೀನಿ ಅಂದ್ರ ಆಗಲ್ಲ, ಮರೀತೀರಿ. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಾಗ ಲೊಕೇಶನ್ ಟ್ಯಾಗ್ ಅಂತ ಒಂದು ಆಪ್ಷನ್ ಇರ್ತದ. ಅದು ಆನ್ ಇದ್ರ ನೀವು ಹೊಡದ ಪ್ರತಿ ಫೋಟೋದೊಳಗ ಜಿಪಿಎಸ್ ಅಂಕಿ ಕೂಡ್ತದ, ಫೋಟೋ ಫೈಲ್ ಸಿಕ್ಕವ್ರು ಯಾರಾದ್ರೂ ಅದನ್ನ ತೆಗೆದು ನೋಡಬಹುದು.

ಇಲ್ಲಿ ಭಾಳ ಮಂದಿ ಎಡವೋದು ವಾಟ್ಸಾಪ್‌ನಾಗ. ಫೋಟೋ ಅಂತ ಕಳಿಸಿದ್ರ ವಾಟ್ಸಾಪ್ ಆ ಅಂಕಿ ತೆಗೆದು ಹಾಕ್ತದ, ಆದ್ರ ಕ್ವಾಲಿಟಿ ಕಡಿಮಿ ಆಗ್ತದ ಅಂತ ಡಾಕ್ಯುಮೆಂಟ್ ಮಾಡಿ ಕಳಿಸಿದ್ರ ಒರಿಜಿನಲ್ ಫೈಲ್ ಹೋಗ್ತದ, ಜಾಗಾನೂ ಸಂಗಟನೇ ಹೋಗ್ತದ. ಬಾಯಿಲೆ ಯಾರಿಗೂ ಹೇಳದೇ ಇದ್ದವ್ರೂ ಹಿಂಗ ಜಾಗ ಕೊಟ್ಟು ಬಿಡ್ತಾರ. ನಿಮ್ಮ ಸ್ವಂತ ದಾಖಲೆಗೆ ಜಿಪಿಎಸ್ ಬೇಕಂದ್ರ ನೋಟ್‌ಬುಕ್‌ನಾಗ ಬರ್ಕೋರಿ, ಫೋಟೋದಾಗ ಬ್ಯಾಡ.

ಐನ್ಯಾಚುರಲಿಸ್ಟ್ (ಕಂಡ ಜೀವಿಗಳ ಫೋಟೋ ದಾಖಲೆ ಹಾಕೋ ಆ್ಯಪ್) ಬಳಸೋರು ಜಿಯೋಪ್ರೈವಸಿ (ಜಾಗ ಮುಚ್ಚೋ ಸೆಟ್ಟಿಂಗ್) ಎಲ್ಲದ ಅಂತ ಮನ್ಯಾಗೇ ಒಂದು ಸಾರಿ ಹುಡುಕಿ ಇಟ್ಕೋರಿ, ಇಬರ್ಡ್ (ನೋಡಿದ ಹಕ್ಕಿಗಳ ಪಟ್ಟಿ ಹಾಕೋ ಆ್ಯಪ್) ಬಳಸೋರು ಚೆಕ್‌ಲಿಸ್ಟ್ ಹೈಡ್ ಮಾಡೋ ಆಪ್ಷನ್ ಎಲ್ಲದ ನೋಡ್ಕೋರಿ. ಬಳಸೋದು ಹ್ಯಾಂಗ ಅಂತ ಹಂತ 6ರಾಗ ಹೇಳೀನಿ.

ಹಂತ 2: ಹೊಲದಾಗ ಮೊದಲ ಹತ್ತು ನಿಮಿಷ ಏನೂ ಮಾಡಬ್ಯಾಡ್ರಿ

ಹಕ್ಕಿ ಕಂಡ ಕೂಡ್ಲೇ ನಿಂದ್ರಿ. ಕ್ಯಾಮೆರಾ ಎತ್ತೋಕೂ ಮೊದಲು ಅದು ಏನ್ ಮಾಡ್ಲಾಕತ್ತದ ಅಂತ ನೋಡ್ರಿ: ಮೇಯ್ಲಾಕತ್ತದೋ, ದಣದು ಕುಂತದೋ, ತತ್ತಿ ಮ್ಯಾಲ ಕುಂತದೋ, ಮರಿಗೆ ಹುಳ ಒಯ್ಲಾಕತ್ತದೋ. ಮುಂದ ಎಷ್ಟು ಹೇಳಬೇಕು ಅನ್ನೋದು ಪೂರ್ತಿ ಇದರ ಮ್ಯಾಲೇ ನಿಂತದ.

ಟಿಟ್ಟಿಭ ತಗೋರಿ, ಅಪರೂಪದ್ದೇನಲ್ಲ, ಎಲ್ಲಾ ಕಡಿ ಅದ, ಆದ್ರ ಕಲೀಲಿಕ್ಕೆ ಅದರಂಥ ಮಾಸ್ತರ ಇಲ್ಲ. ಅದು ಗೂಡು ಕಟ್ಟಲ್ಲ, ಬರೀ ನೆಲದಾಗ ನಾಕು ಕಲ್ಲು ಸರಿಸಿ ತತ್ತಿ ಇಡ್ತದ, ತತ್ತಿ ಬಣ್ಣ ಮಣ್ಣಿಗೆ ಕೂಡಿ ಹೋಗಿರ್ತದ. ನಮ್ಮ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ, 42 ಡಿಗ್ರಿ ದಾಟ್ತದ. ಆಗ ತಾಯಿ ತತ್ತಿ ಮ್ಯಾಲ ಕೂಡ್ರೋದು ಕಾವು ಕೊಡ್ಲಿಕ್ಕಲ್ಲ, ನೆರಳು ಕೊಡ್ಲಿಕ್ಕೆ. ನೀರಿಗೆ ಹೋಗಿ ಹೊಟ್ಟಿ ಪುಕ್ಕ ತೋಯಿಸಿಕೊಂಡು ಬಂದು ತತ್ತಿ ಮ್ಯಾಲ ಕೂಡ್ರ್ತದ, ತಂಪಾಗಲಿ ಅಂತ. ಅಂಥಾ ಹೊತ್ತಿನಾಗ ನೀವು ಅಲ್ಲಿ ಅರ್ಧ ತಾಸು ನಿಂತ್ರಿ ಅಂದ್ರ ತಾಯಿ ದೂರ ನಿಂತು ಒದರ್ತಾನೇ ಇರ್ತದ, ತತ್ತಿ ಬಿಸಿಲಿಗೆ ಬೆಂದು ಹೋಗ್ತದ. ನೀವು ತತ್ತಿ ಮುಟ್ಟಿಲ್ಲ, ತುಳದಿಲ್ಲ, ಆದ್ರೂ ಹೋತು. ಮಡ್ಡಿ ಮ್ಯಾಲ ಇಡೋ ಹಳದಿ ಟಿಟ್ಟಿಭ, ಇಂಡಿಯನ್ ಕೋರ್ಸರ್, ಭೀಮಾ ನದಿ ಮರಳಿನಾಗ ಇಡೋ ನದಿ ರೀವ (ರಿವರ್ ಟರ್ನ್) ಇವಕ್ಕೂ ಇದೇ ಬಿಸಿಲು, ಇದೇ ಕಷ್ಟ.

ಹಿಂದ ಸರೀಬೇಕು ಅನ್ನೋ ಸೂಚನೆ ಹಕ್ಕಿನೇ ಕೊಡ್ತದ:

- ತಲಿ ಮ್ಯಾಲ ಸುತ್ತಿ ಸುತ್ತಿ ಒದರ್ತದ, ನಿಲ್ಲಿಸೋದೇ ಇಲ್ಲ.
- ರೆಕ್ಕಿ ಮುರದಂಗ ನೆಲದ ಮ್ಯಾಲ ಎಳಕೊಂತ ನಿಮ್ಮನ್ನ ಬ್ಯಾರೆ ಕಡಿ ಕರ್ಕೊಂಡು ಹೋಗ್ತದ. ಗಾಯ ಆಗ್ಯಾದಂತ ಹಿಡಿಲಿಕ್ಕೆ ಹೋಗಬ್ಯಾಡ್ರಿ, ಗೂಡು ನಿಮ್ಮ ಹಿಂದ ಎಲ್ಲೋ ಅದ ಅಂತ ಅರ್ಥ, ಕಾಲ ಕೆಳಗ ನೋಡ್ಕೊಂತ ಬಂದ ದಾರಿಲೇ ವಾಪಸ್ ಹೋಗ್ರಿ.
- ಬಾಯಾಗ ಹುಳ ಹಿಡ್ಕೊಂಡು ಕುಂತದ, ಕೆಳಗ ಇಳೀವಲ್ದು.
- ಒಂದೇ ಕಡಿ ಓಡಿ ನಿಂದ್ರ್ತದ, ಮತ್ತ ಓಡಿ ನಿಂದ್ರ್ತದ, ಮೇಯೋದು ಬಿಟ್ಟದ.
- ಕುಂತ ಜಾಗದಿಂದ ಎರಡನೇ ಸಾರಿ ಎದ್ದು ಹೋತು. ಮೊದಲನೇ ಸಾರಿ ಎದ್ದಾಗಲೇ ದೂರ ಸಾಕಾಗಿಲ್ಲ ಅಂತ ತಿಳೀಬೇಕಿತ್ತು, ಎರಡನೇ ಸಾರಿಗೆ ಆ ದಿನ ಮುಗೀತು.

ಫೋನಿನಾಗ ಹಕ್ಕಿ ಕೂಗು ಹಚ್ಚಿ ಕರಿಯೋದು ಪೂರ್ತಿ ಬಿಡ್ರಿ. ತನ್ನ ಜಾಗಕ್ಕ ಇನ್ನೊಂದು ಗಂಡು ಬಂತು ಅಂತ ತಿಳದು ಅದು ಮೇಯೋದು, ಗೂಡು ಎಲ್ಲಾ ಬಿಟ್ಟು ಜಗಳಕ್ಕ ಬರ್ತದ. ಲಾವಕ್ಕಿ ಹಿಡಿಯೋರೂ ಬಲೀ ಹಾಸಿ ಇದೇ ಟೇಪ್ ಹಚ್ತಾರ, ನಾವು ಅದೇ ಕೆಲಸ ಮಾಡೋದು ಸರಿ ಅಲ್ಲ.

ಇನ್ನ ಫೋಟೋ ಸ್ಪಷ್ಟ ಬರ್ಲಿ ಅಂತ ಗೂಡಿನ ಮುಂದಿನ ಟೊಂಗಿ ಕಡಿಯೋದು. ಆ ಟೊಂಗಿ ಅಲ್ಲಿ ಇದ್ದದ್ದೇ ಕಾಗಿಗೆ ಗೂಡು ಕಾಣಬಾರದು, ಮರಿಗೆ ಬಿಸಿಲು ಬಡೀಬಾರದು ಅಂತ. ಒಂದು ಟೊಂಗಿ ಕಡದ್ರ ಎರಡೂ ಒಮ್ಮಿಗೇ ಆಗ್ತದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆದಾಗ ಬೇಟೆ ಅನ್ನೋ ಮಾತಿನ ಅರ್ಥದೊಳಗೇ ಕಾಡು ಹಕ್ಕಿ ತತ್ತಿ ಕೆಡಿಸೋದು, ತತ್ತಿಗೆ, ಗೂಡಿಗೆ ತೊಂದ್ರಿ ಕೊಡೋದು ಸೇರ್ಯಾದ. ಫೋಟೋ ಸಲಾಕ ಮಾಡೀನಿ ಅಂದ್ರ ಕಾಯ್ದೆ ಕೇಳಲ್ಲ.

ಹಂತ 3: ಅಲ್ಲೇ ಬರ್ಕೋರಿ, ಅಲ್ಲೇ ಕಳಿಸಬ್ಯಾಡ್ರಿ

ತಾರೀಖು, ಟೈಮು, ಎಷ್ಟು ಹಕ್ಕಿ, ಏನ್ ಮಾಡ್ಲಾಕತ್ತಿತ್ತು, ಎಂಥಾ ಜಾಗ (ತೊಗರಿ ಹೊಲ, ಕಡ್ಲಿ, ಹುಲ್ಲುಮಡ್ಡಿ, ಬಿಟ್ಟ ಖಣಿ, ಕೆರಿ ದಂಡಿ), ಬೆಳಕು ಯಾವ ಕಡಿಂದ ಇತ್ತು, ಎಷ್ಟು ದೂರಿಂದ ನೋಡಿದ್ರಿ. ಜಿಪಿಎಸ್ ಅಂಕಿ ಪೂರ್ತಿ ಇಲ್ಲೇ, ನಿಮ್ಮ ಪುಸ್ತಕದಾಗೇ.

ಗುರುತು ಹಿಡಿಲಿಕ್ಕೆ ಬೇಕಾದ ಅಂಶ ಆ ಹೊತ್ತಿನಾಗೇ ಬರೀರಿ, ಮನಿಗೆ ಬಂದು ಆ್ಯಪ್ ನೋಡಿದ ಮ್ಯಾಲ ಬರದ್ರ ಕಂಡಿದ್ದು ಯಾವ್ದು, ಓದಿದ್ದು ಯಾವ್ದು ತಿಳಿಯಲ್ಲ. ನೀಲಕಂಠ ನಮ್ಮ ರಾಜ್ಯದ ಹಕ್ಕಿ, ವರ್ಷಪೂರ್ತಿ ಕರೆಂಟ್ ತಂತಿ ಮ್ಯಾಲ ಕುಂತಿರ್ತದ. ಆದ್ರ ಮಳಿಗಾಲ ಮುಗಿಯೋ ಹೊತ್ತಿಗೆ, ಆಗಸ್ಟ್ ಕೊನಿಯಿಂದ ಅಕ್ಟೋಬರ್‌ತನ, ಯುರೋಪಿಯನ್ ರೋಲರ್ ದಾರಿ ಮ್ಯಾಲ ಬಂದು ಹೋಗೋದು ಉಂಟು. ನಮ್ಮ ನೀಲಕಂಠಕ್ಕ ಎದಿ ಕಂದು, ಗಂಟಲದಾಗ ಬಿಳಿ ಗೀರು, ಹಾರಿದ್ರ ರೆಕ್ಕಿದಾಗ ಕಡು ನೀಲಿ ತಿಳಿ ನೀಲಿ ಪಟ್ಟಿ. ಯುರೋಪಿಯನ್ನಿಂದು ತಲಿ, ಎದಿ, ಹೊಟ್ಟಿ ಎಲ್ಲಾ ಒಂದೇ ತಿಳಿ ನೀಲಿ, ಹಾರಿದ್ರ ರೆಕ್ಕಿ ಅಂಚು ಕಪ್ಪು. ಇಷ್ಟು ಬರಕೊಂಡ್ರ ಆಮೇಲೆ ರೆಕಾರ್ಡ್ ನೋಡೋರು ಕೇಳಿದಾಗ ಉತ್ತರ ಇರ್ತದ. ಹೆಣ್ಣು ಹ್ಯಾರಿಯರ್ (ಹುಲ್ಲುಮಡ್ಡಿ ಮ್ಯಾಲ ತಗ್ಗಿನಾಗ ಹಾರೋ ಬೇಟೆ ಹಕ್ಕಿ) ಆದ್ರ ಮೊಂಟಾಗು, ಪ್ಯಾಲಿಡ್ ಅನ್ನೋ ಎರಡು ಜಾತಿದಾಗ ಇಂಥಾದ್ದೇ ಅಂತ ಗಡಬಡ ಮಾಡಬ್ಯಾಡ್ರಿ, ಕುತ್ತಿಗಿ ಸುತ್ತ ಬಿಳಿ ಪಟ್ಟಿ ಕಂಡಿಲ್ಲಂದ್ರ ಹ್ಯಾರಿಯರ್ ಅಂತ ಅಷ್ಟೇ ಬರೀರಿ.

ಪಟ್ಟೆತಲೆ ಹೆಬ್ಬಾತು ಕಂಡ್ರ ಕುತ್ತಿಗಿ ನೋಡ್ರಿ, ಕಾಲು ನೋಡ್ರಿ. ಮಂಗೋಲಿಯಾದಾಗ ಸಂಶೋಧಕರು ಬಣ್ಣದ ಕೊರಳಪಟ್ಟಿ ಹಾಕಿದ ಹೆಬ್ಬಾತು ಕರ್ನಾಟಕದಾಗೂ ಕಂಡಾವ. ಪಟ್ಟಿ ಬಣ್ಣ, ಅದರ ಮ್ಯಾಲಿನ ಅಕ್ಷರ ಅಂಕಿ ಬರ್ಕೋರಿ.

ಹಂತ 4: ಸಂಜಿಗೆ ಮನ್ಯಾಗ ಕುಂತು ಮೂರು ಪ್ರಶ್ನೆ ಕೇಳ್ಕೋರಿ

ಹೊಲದಾಗ ಇದ್ದಾಗ ತಲಿ ಬಿಸಿ ಇರ್ತದ, ಅದಕ್ಕೇ ಸಂಜಿತನ ಕಾಯ್ರಿ ಅನ್ನೋದು.

ಮೊದಲನೇದು, ಈ ಹಕ್ಕಿ ಒಂದೇ ಜಾಗಕ್ಕ ಕಟ್ಟಿ ಬಿದ್ದದೇನು? ಗೂಡು ಇದ್ರ ಹೌದು. ಗುಂಪಾಗಿ ರಾತ್ರಿ ಮಲಗೋ ಜಾಗ ಇದ್ರೂ ಹೌದು. ಹ್ಯಾರಿಯರ್ ರಾತ್ರಿ ಗಿಡದ ಮ್ಯಾಲ ಕೂಡ್ರಲ್ಲ, ಹುಲ್ಲಿನಾಗ ನೆಲದ ಮ್ಯಾಲೇ ಮಲಗ್ತಾವ, ಕತ್ತಲಾದ ಮ್ಯಾಲ ನಾಯಿ ಬಂದ್ರ ಮುಗೀತು. ಸ್ಯಾಂಡ್‌ಗ್ರೌಸ್ (ನೆಲದ ಮ್ಯಾಲ ಮೇಯೋ ಪಾರಿವಾಳದಂಥ ಹಕ್ಕಿ) ನೀರು ಕುಡಿಲಿಕ್ಕೆ ದಿನಾ ಅದೇ ಟೈಮಿಗೆ ಅದೇ ಹೊಂಡಕ್ಕ ಬರ್ತಾವ, ಆ ಹೊಂಡ ಗೊತ್ತಾದ್ರ ಬಲೀ ಹಾಕೋನು ಇಡೀ ಗುಂಪು ಹಿಡೀತಾನ. ಇಂಥಾ ಜಾಗ ಗೂಡಿನಷ್ಟೇ ಗುಟ್ಟು.

ಎರಡನೇದು, ಈ ಹಕ್ಕಿ ಯಾರಿಗಾದ್ರೂ ರೊಕ್ಕಕ್ಕ ಬೇಕಾಗ್ಯಾದೇನು? ಗೂಬಿ ವಿಷಯದಾಗ ನಾನು ಎಷ್ಟು ಹೇಳಿದ್ರೂ ಕಡಿಮಿ. ಮಾಟ ಮಂತ್ರದ ಹೆಸರಿನಾಗ ಗೂಬಿ ಹಿಡಿಯೋದು ನಡದೇ ಅದ, ದೀಪಾವಳಿ ಹತ್ರ ಬಂದಾಗ ಜಾಸ್ತಿ. ಕೊಂಬಿನ ಗೂಬಿ ಹಳೇ ಖಣಿ ಗ್ವಾಡಿಯಾಗ, ಕಲ್ಲಿನ ಸಂದಿನಾಗ ಇರ್ತದ, ಸೇಡಂ, ಚಿತ್ತಾಪುರ, ಶಹಾಬಾದ್ ಕಡಿ ಬಿಟ್ಟ ಖಣಿಗೇನು ಕಡಿಮಿ ಇಲ್ಲ, ಅದಕ್ಕೇ ಖಣಿ ಹೆಸರು ಹೇಳಿದ್ರ ಮನಿ ನಂಬರ್ ಹೇಳಿದಂಗ. ಗೂಬಿ ಯಾವುದೇ ಇರ್ಲಿ, ಹಾಲಕ್ಕಿನೇ ಇರ್ಲಿ, ಗೂಡಿನ ಜಾಗ ಯಾವ ಗ್ರೂಪಿಗೂ ಬ್ಯಾಡ. ಲಾವಕ್ಕಿ, ಗೌಜಲು, ಸ್ಯಾಂಡ್‌ಗ್ರೌಸ್ ಇವು ತಿನ್ನೋರ ಸಲಾಕ, ಗಿಳಿ ಮರಿ ಮಾರೋರ ಸಲಾಕ.

ಮೂರನೇದು, ಆ ಜಾಗ ಮಂದಿ ತಡ್ಕೊಳ್ತದೇನು? ಬೋನಾಳ ಪಕ್ಷಿಧಾಮ, ಕಾರಂಜಾ ಹಿನ್ನೀರು, ಕಲಬುರಗಿ ಅಪ್ಪನ ಕೆರಿ ಇವೆಲ್ಲ ಎಲ್ಲರಿಗೂ ಗೊತ್ತಿರೋ ಜಾಗ. ಅಲ್ಲಿ ನೀರಿನ ನಡುವ ತೇಲೋ ಬಾತು, ಬಣ್ಣದ ಕೊಕ್ಕರೆ ಕಂಡ್ರ ಹೆಸರು ಹಿಡದು ಹೇಳ್ರಿ, ಇನ್ನೂ ನಾಕು ಹುಡುಗ್ರು ಬಂದು ನೋಡ್ಲಿ, ಅದು ಆಗಬೇಕು. ಆದ್ರ ಒಬ್ಬ ರೈತನ ಎರಡು ಎಕರೆ ಕಡ್ಲಿ ಹೊಲ ನಾಕು ಕಾರು ತಡ್ಕೊಳ್ಳಲ್ಲ, ಬೆಳಿ ತುಳದ್ರ ಮುಂದಿನ ಸಾರಿ ಅವ್ರು ಹಕ್ಕಿ ನೋಡೋರನ್ನೂ ಬೈತಾರ, ಹಕ್ಕಿಗೂ ಕಲ್ಲು ಒಗೀತಾರ.

ಮೂರಕ್ಕೂ ಉತ್ತರ ತಿಳೀಲಿಲ್ಲ ಅಂದ್ರ ಗುಟ್ಟು ಅಂತಾನೇ ಇಟ್ಕೋರಿ. ಇವತ್ತು ಹೇಳದ್ದನ್ನ ತಿಂಗಳು ಬಿಟ್ಟು ಹೇಳಬಹುದು, ಇವತ್ತು ಹೇಳಿದ್ದನ್ನ ವಾಪಸ್ ತಗೋಳಿಕ್ಕೆ ಬರಲ್ಲ.

ಹಂತ 5: ಜಾಗ ಎಷ್ಟು ಮಸುಕು ಮಾಡಬೇಕು

ಪೂರ್ತಿ ಹೇಳೋದು, ಇಲ್ಲಾ ಪೂರ್ತಿ ಮುಚ್ಚೋದು, ಎರಡೇ ದಾರಿ ಅಂತ ಮಂದಿ ತಿಳದಾರ. ನಡುವ ಬೇಕಾದಷ್ಟು ಜಾಗ ಅದ.

ಜಿಪಿಎಸ್ ಅಂಕಿ ಲೆಕ್ಕ ತಿಳಕೋರಿ. ದಶಮಾಂಶ ಆದ ಮ್ಯಾಲ ಐದಾರು ಅಂಕಿ ಇದ್ರ ಅದು ನೀವು ನಿಂತ ಕಲ್ಲಿನತನ ಕರ್ಕೊಂಡು ಹೋಗ್ತದ. ಮೂರು ಅಂಕಿ ಅಂದ್ರ ಸುಮಾರು 110 ಮೀಟರ್, ಅಂದ್ರ ಹೊಲ ಸಿಕ್ತು. ಎರಡು ಅಂಕಿ, 17.33, 76.83 ಅಂತ ಬರದ್ರ, ಸುಮಾರು ಒಂದು ಕಿಲೋಮೀಟರ್, ಬಯಲು ಸೀಮಿದಾಗ ಇದೂ ಸಾಕಾಗಲ್ಲ, ಯಾಕಂದ್ರ ನಮ್ಮ ಕಡಿ ಒಂದು ಕಿಲೋಮೀಟರ್ ಕಣ್ಣಿಗೇ ಕಾಣ್ತದ. ಒಂದೇ ಅಂಕಿ ಇಟ್ರ ಸುಮಾರು 11 ಕಿಲೋಮೀಟರ್, ಇಲ್ಲಿ ಹುಡುಕೋನಿಗೆ ಬ್ಯಾಸರ ಬರ್ತದ.

ನಾನು ಪಾಲಿಸೋದು ಹಿಂಗ:

- ಎಲ್ಲರಿಗೂ ಗೊತ್ತಿರೋ ಕೆರಿ, ಡ್ಯಾಮು, ಅಲ್ಲಿ ಮೇಯೋ ಹಕ್ಕಿ: ಜಾಗದ ಹೆಸರು.
- ದಾರಿ ಮ್ಯಾಲ ಬಂದು ಹೋಗೋ ವಲಸೆ ಹಕ್ಕಿ, ಗೂಡಿಲ್ಲ: ತಾಲೂಕು, ಅದೂ ಎರಡು ದಿನ ಬಿಟ್ಟು.
- ಹುಲ್ಲುಮಡ್ಡಿ ಹಕ್ಕಿ, ಮಲಗೋ ಜಾಗ, ನೀರು ಕುಡಿಯೋ ಹೊಂಡ: ಜಿಲ್ಲಾ ಮಾತ್ರ.
- ಗೂಡು, ಗೂಬಿ: ಸೀಸನ್ ಮುಗಿಯೋತನ ಏನೂ ಇಲ್ಲ. ಮರಿ ಹಾರಿ ಹೋದ ಮ್ಯಾಲೂ ಜಿಲ್ಲಾ ಅಷ್ಟೇ, ಗೂಬಿ ಅದೇ ಖಣಿಗೆ ಮುಂದಿನ ವರ್ಷಾನೂ ಬರ್ತದ.

ಎರೆಭೂತದಂಥ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಕಂಡೀನಿ ಅಂತ ಯಾರಿಗಾದ್ರೂ ಅನಿಸಿದ್ರ ಮ್ಯಾಲಿನ ಯಾವ ಲೆಕ್ಕಾನೂ ಬ್ಯಾಡ. ರಾಜ್ಯದಾಗ ಅದರ ಹೆಸರು ಕೇಳೋದು ಈಗ ಬಳ್ಳಾರಿ ಜಿಲ್ಲಾ ಸಿರುಗುಪ್ಪ ಕಡಿ ಮಾತ್ರ. ನೇರ ಅರಣ್ಯ ಇಲಾಖೆಗೆ ಫೋನ್, ಮತ್ಯಾರಿಗೂ ಇಲ್ಲ.

ಹಂತ 6: ಆ್ಯಪಿಗೆ ಹಾಕೋದು

ಇಬರ್ಡ್‌ನಾಗ ಒಂದು ಪಟ್ಟಿ ಅದ, ಸೆನ್ಸಿಟಿವ್ ಹಕ್ಕಿಗಳದ್ದು. ಆ ಪಟ್ಟಿಯಾಗ ಇರೋ ಹಕ್ಕಿ ಹಾಕಿದ್ರ ಬ್ಯಾರೆಯವ್ರಿಗೆ 20 ಕಿಲೋಮೀಟರ್ ಉದ್ದ ಅಗಲದ ಚೌಕ ಮಾತ್ರ ಕಾಣ್ತದ. ಇದನ್ನ ಕೇಳಿ ಭಾಳ ಮಂದಿ ಇಬರ್ಡ್ ಎಲ್ಲಾ ತಾನೇ ಮುಚ್ಚತದ ಅಂತ ನಿಶ್ಚಿಂತಿ ಆಗ್ತಾರ. ಪಟ್ಟಿಯಾಗ ಇಲ್ಲದ ಹಕ್ಕಿ ನೀವು ಪಿನ್ ಹಾಕಿದ ಜಾಗದಾಗೇ ಕಾಣ್ತದ, ಅಲ್ಲದ ಅಪರೂಪದ ಹಕ್ಕಿ ಅಂದ್ರ ಅಲರ್ಟ್ ಹಾಕಿಕೊಂಡವ್ರಿಗೆ ಇಮೇಲ್ ಹೋಗ್ತದ. ನೀವು ಮನಿಗೆ ಮುಟ್ಟೋದ್ರೊಳಗ ಅವ್ರಿಗೆ ಸುದ್ದಿ ಮುಟ್ಟಿರ್ತದ.

ಅದಕ್ಕ ಮೂರು ಉಪಾಯ. ಒಂದು, ಗೂಡಿನ ಮ್ಯಾಲ ಪಿನ್ ಹಾಕೋದು ಬಿಟ್ಟು ನಡದ ದಾರಿಗೆ ಸಾಮಾನ್ಯ ಜಾಗ ಒಂದು ಹಾಕ್ರಿ, ನಡಿಗಿ 8 ಕಿಲೋಮೀಟರ್ ಒಳಗ ಇದ್ರ ಒಂದೇ ಲಿಸ್ಟ್ ಮಾಡಬಹುದು. ಎರಡು, ತಡಾ ಮಾಡಿ ಸಬ್ಮಿಟ್ ಮಾಡ್ರಿ, ತಾರೀಖು ನೋಡಿದ ದಿನದ್ದೇ ಇರ್ತದ, ಹಕ್ಕಿ ಹೋದ ಮ್ಯಾಲ ಹಾಕಿದ್ರ ದಾಖಲೆಗೆ ಏನೂ ಕಡಿಮಿ ಆಗಲ್ಲ. ಮೂರು, ಹಾಕಲೇಬೇಕು ಅಂದ್ರ ವೆಬ್‌ಸೈಟಿನಾಗ ಆ ಚೆಕ್‌ಲಿಸ್ಟ್ ತೆಗೆದು ಔಟ್‌ಪುಟ್‌ನಿಂದ ಹೈಡ್ ಮಾಡೋ ಆಪ್ಷನ್ ಒತ್ತರಿ, ಸೀಸನ್ ಮುಗದ ಮ್ಯಾಲ ತೆಗೀರಿ. ಫೆಬ್ರುವರಿಯಾಗ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ (ಎಲ್ಲಾರೂ ಕೂಡಿ ಹಕ್ಕಿ ಎಣಿಸೋ ಕಾರ್ಯಕ್ರಮ) ನಾಕು ದಿನ ನಡೀತದಲ್ಲ, ಆಗ ಜಿಲ್ಲಾ ಲೆಕ್ಕ ಜಾಸ್ತಿ ಆಗ್ಲಿ ಅಂತ ಗಡಬಡಿಲೇ ಎಲ್ಲಾ ಹಾಕೋದು ನಡೀತದ. ಗೂಡಿಂದು ಬಿಟ್ಟು ಬಾಕಿ ಹಾಕ್ರಿ.

ಐನ್ಯಾಚುರಲಿಸ್ಟ್‌ನಾಗ ಆಬ್ಸ್ಕ್ಯೂರ್ಡ್ ಅಂತ ಇಟ್ರ ಜಾಗ 0.2 ಡಿಗ್ರಿ ಚೌಕದೊಳಗ ಎಲ್ಲೋ ಒಂದು ಕಡಿ ಕಾಣ್ತದ, ಸುಮಾರು 22 ಕಿಲೋಮೀಟರ್, ತಾರೀಖಿನ ಬದಲು ಬ್ಯಾರೆಯವ್ರಿಗೆ ತಿಂಗಳು ಮಾತ್ರ. ಛಲೋ ವ್ಯವಸ್ಥಾ. ಆದ್ರ ಒಂದು ತೂತು ಅದ: ಗೂಬಿ ಆಬ್ಸ್ಕ್ಯೂರ್ಡ್ ಇಟ್ಟು, ಅದೇ ಖಣಿ ದಂಡಿ ಮ್ಯಾಲ ಹೊಡದ ಚಿಟ್ಟಿ, ಹೂವು ಓಪನ್ ಇಟ್ರ, ಎರಡೂ ಬಾಜೂ ಬಾಜೂ ಇಟ್ಟು ನೋಡಿದವ್ನಿಗೆ ಜಾಗ ಸಿಕ್ತು. ಒಂದು ಮುಚ್ಚಿದ್ರ ಆ ದಿನದ್ದು ಆ ಜಾಗದ್ದು ಎಲ್ಲಾ ಮುಚ್ಚರಿ. ಇಬರ್ಡ್‌ಗೂ ಇದೇ ಮಾತು. ಕಮೆಂಟಿನಾಗ ಗುಡಿ ಹಿಂದಿನ ಬೇವಿನ ಗಿಡ ಅಂತೆಲ್ಲಾ ಬರದು ಮುಚ್ಚಿದ್ದನ್ನ ನೀವೇ ತೆಗೀಬ್ಯಾಡ್ರಿ.

ಹಂತ 7: ಫೋಟೋದಾಗ ಏನ್ ಕಾಣ್ತದ ನೋಡ್ರಿ

ಹಕ್ಕಿ ಬಿಟ್ಟು ಹಿಂದ ನೋಡ್ರಿ. ಪವನ ವಿದ್ಯುತ್ ಕಂಬ, ಮೊಬೈಲ್ ಟಾವರು, ಸಿಮೆಂಟ್ ಫ್ಯಾಕ್ಟ್ರಿ ಚಿಮಣಿ, ದರ್ಗಾ ಗುಮ್ಮಟ, ಗುಡಿ ಶಿಖರ, ಮೈಲುಗಲ್ಲು, ಊರಿನ ಬೋರ್ಡು. ಬಯಲು ನಾಡಿನಾಗ ಇಂಥಾದು ಒಂದು ಸಾಕು, ಆ ಕಡಿ ಹುಡುಗ್ರು ನೋಡಿದ ಕೂಡ್ಲೇ ಹೇಳ್ತಾರ. ಕ್ರಾಪ್ ಮಾಡ್ರಿ, ಆಗಲಿಲ್ಲಂದ್ರ ಬ್ಯಾರೆ ಫೋಟೋ ಹಾಕ್ರಿ.

ಗೂಡಿನ ಫೋಟೋ, ತತ್ತಿ ಫೋಟೋ, ಮರಿಗೆ ಹುಳ ಕೊಡೋ ಫೋಟೋ ಹಾಕಲೇಬ್ಯಾಡ್ರಿ. ಇದರಾಗ ಜಾಗ ಕಾಣದಿದ್ರೂ ಸೈತ. ಒಂದು ಗೂಡಿನ ಫೋಟೋಕ್ಕ ಲೈಕ್ ಬಂದ್ರ, ನೋಡಿದವ್ರು ತಮ್ಮ ಊರಾಗ ಗೂಡು ಹುಡುಕ್ಲಿಕ್ಕೆ ಹೋಗ್ತಾರ.

ಬೀದರ್‌ನವ್ರಿಗೆ ಒಂದು ಮಾತು ಜಾಸ್ತಿ. ವಾಯುಪಡೆ ನೆಲೆ ಬೇಲಿ ಹತ್ರ ದೊಡ್ಡ ಲೆನ್ಸ್ ಎತ್ತಬ್ಯಾಡ್ರಿ, ಹಕ್ಕಿ ಎಷ್ಟೇ ಛಲೋ ಇದ್ರೂ. ಚಿಂಚೋಳಿ ವನ್ಯಧಾಮದೊಳಗ ಹೋಗೋದಿದ್ರ ಅರಣ್ಯ ಇಲಾಖೆ ಪರ್ಮಿಷನ್ ತಗೊಂಡೇ ಹೋಗ್ರಿ, ಡ್ರೋನ್ ವಿಚಾರ ಅಂತೂ ಬಿಟ್ಟೇ ಬಿಡ್ರಿ.

ಹಂತ 8: "ಎಲ್ಲಿ ಸರ್?" ಅಂದಾಗ

ಇಲ್ಲೇ ಎಲ್ಲಾರೂ ಸೋಲ್ತಾರ. ಫೋಟೋ ಹಾಕಿದ ಎರಡು ನಿಮಿಷಕ್ಕ ಗ್ರೂಪಿನಾಗ ಕೇಳ್ತಾರ, ಪರ್ಸನಲ್ ಮೆಸೇಜ್ ಬರ್ತದ, ಫೋನ್ ಬರ್ತದ, ದೊಡ್ಡವ್ರು ಕೇಳ್ತಾರ, ಇಲ್ಲ ಅನ್ಲಿಕ್ಕೆ ನಾಚಿಗಿ. ಅದಕ್ಕ ಉತ್ತರ ಮೊದಲೇ ತಯಾರ್ ಇಟ್ಕೋರಿ, ಎಲ್ಲಾರಿಗೂ ಅದೇ ಉತ್ತರ.

"ಈಗ ಹೇಳಲಿಕ್ಕೆ ಬರಲ್ಲ ಸರ್. ಗೂಡಿನ ಟೈಮ್ ಅದ, ಜಾಗ ಯಾರಿಗೂ ಹೇಳ್ಲಾಕತ್ತಿಲ್ಲ."

"ರೈತರ ಹೊಲ ಸರ್, ಅವ್ರ ಪರ್ಮಿಷನ್ ಇಲ್ಲದ ನಾ ಹೇಳಲಿಕ್ಕೆ ಬರಲ್ಲ."

ಇಷ್ಟೇ. ಸುಳ್ಳು ಊರಿನ ಹೆಸರು ಹೇಳಬ್ಯಾಡ್ರಿ, ಅದು ಯಾರದೋ ಲಿಸ್ಟಿನಾಗ ಸೇರಿ ದಾಖಲೆ ಕೆಡ್ತದ, ಸುಮ್ಕ ಆ ಊರಾಗ ಮಂದಿ ತಿರುಗ್ತಾರ. ನಿನಗೊಬ್ಬನಿಗೇ ಹೇಳ್ತೀನಿ ಅನ್ನೋದೂ ಬ್ಯಾಡ, ಆ ಒಬ್ಬನಿಗೂ ಒಬ್ಬ ಗೆಳೆಯ ಇರ್ತಾನ. ಖರೇನೇ ಕಲೀಬೇಕು ಅಂತ ಇರೋ ಹುಡುಗ ಕೇಳಿದ್ರ ಜಾಗದ ಬದಲು ಎಂಥಾ ಜಾಗ ಅಂತ ಹೇಳ್ರಿ: ಕಲ್ಲು ಜಾಸ್ತಿ ಇರೋ ಕುರುಚಲು ಮಡ್ಡಿ, ಮುಂಜಾನಿ ಬಿಸಿಲು ಏರೋಕೂ ಮೊದಲು, ಇಂಥಾ ಕೂಗು ಕೇಳ್ತದ ಅಂತ. ಅವ್ನು ತನ್ನ ಊರ ಮಡ್ಡಿಯಾಗ ತಾನೇ ಹುಡುಕ್ಲಿ, ನಮಗೂ ಹೊಸಾ ಜಾಗ ತಿಳೀತದ.

ಗ್ರೂಪ್ ಅಡ್ಮಿನ್ ಆಗಿದ್ರ ಲೈವ್ ಲೊಕೇಶನ್, ಗೂಡಿನ ಫೋಟೋ ಎರಡೂ ಬಂದ್ ಅಂತ ನಿಯಮ ಹಾಕ್ರಿ, ಯಾರೇ ಹಾಕಿದ್ರೂ ಆಗಿಂದಾಗ್ಗೆ ಡಿಲೀಟ್ ಮಾಡ್ರಿ, ಆಮೇಲೆ ಅವ್ರಿಗೆ ಬ್ಯಾರೆ ಕರದು ಸಮಾಧಾನದಿಂದ ತಿಳಿಸಿ ಹೇಳ್ರಿ. ಎಲ್ಲಾರ ಮುಂದ ಬೈದ್ರ ಅವ್ರು ಮುಂದಿನ ಸಾರಿ ಬ್ಯಾರೆ ಗ್ರೂಪಿಗೆ ಹಾಕ್ತಾರ.

ಹಂತ 9: ಯಾರಿಗೆ ಖರೇ ಜಾಗ ಹೇಳಬೇಕು

ಇಬ್ಬರಿಗೆ ಹೇಳಲೇಬೇಕು. ಮೊದಲು ಹೊಲದವ್ರಿಗೆ, ಇಲ್ಲಾ ಅಲ್ಲಿ ಕುರಿ ಕಾಯೋರಿಗೆ. ಅವ್ರಿಗೆ ಆ ಹಕ್ಕಿ ನಮಗಿಂತ ಮೊದಲೇ ಗೊತ್ತಿರ್ತದ. ಆ ಮೂಲಿಯಾಗ ತತ್ತಿ ಅದಾವ, ಹರಗೋ ಮುಂದ ನಾಕು ಮಾರು ಬಿಟ್ಟು ಹರಗ್ರಿ ಅಂದ್ರ ಭಾಳ ಸಾರಿ ಒಪ್ಪತಾರ. ಗೂಡಿಗೆ ಕೆಂಪು ಅರಿವಿ ಕಟ್ಟಿ ಗುರುತು ಮಾಡಬ್ಯಾಡ್ರಿ, ಅದು ಕಾಗಿಗೂ ಗುರುತು, ಮಂದಿಗೂ ಗುರುತು.

ಎರಡನೇದು ಅರಣ್ಯ ಇಲಾಖೆ. ಬಲೀ, ಉರುಲು, ಗೂಬಿ ಹಿಡಿಯೋರು ಕಂಡ್ರ ರೇಂಜ್ ಆಫೀಸಿಗೆ, ಇಲ್ಲಾ ಇಲಾಖೆ ಸಹಾಯವಾಣಿ 1926ಕ್ಕ ಫೋನ್ ಮಾಡ್ರಿ. ಪೂರ್ತಿ ಜಿಪಿಎಸ್ ಬೇಕಾಗೋದು ಇಲ್ಲಿ, ಅದಕ್ಕೇ ಹಂತ 3ರಾಗ ನೋಟ್‌ಬುಕ್‌ನಾಗ ಬರೀರಿ ಅಂದಿದ್ದು. ನೀವೇ ಹೋಗಿ ಬಲೀ ಕಿತ್ತಿ ಜಗಳಾ ತೆಗೀಬ್ಯಾಡ್ರಿ, ದೂರಿಂದ ಫೋಟೋ, ಗಾಡಿ ನಂಬರ್, ಟೈಮ್ ಸಾಕು.

ಹಂತ 10: ಆದ್ರೂ ಲೀಕ್ ಆತು ಅಂದ್ರ

ಸೂಚನೆ ಹಿಂಗಿರ್ತಾವ: ಗೂಡಿನ ಮುಂದ ಟೊಂಗಿ ಕಡದದ್ದು, ಹುಲ್ಲಿನಾಗ ಹೊಸಾ ಕಾಲುದಾರಿ ಬಿದ್ದದ್ದು, ಬೈಕ್ ಟೈರಿನ ಗುರುತು, ಅದೇ ಹಕ್ಕಿ ಅದೇ ಕಲ್ಲಿನ ಮ್ಯಾಲ ಕುಂತ ಫೋಟೋ ಬ್ಯಾರೆ ಬ್ಯಾರೆಯವ್ರು ಹಾಕೋದು, ಮರಿಗೆ ಆಹಾರ ಒಯ್ಯೋದು ಕಡಿಮಿ ಆದದ್ದು.

ಮೊದಲು ನಿಮ್ಮ ಪೋಸ್ಟ್ ತೆಗೀರಿ, ಯಾಕ ತೆಗೀತಿದ್ದೀರಿ ಅಂತ ಗ್ರೂಪಿನಾಗ ದೊಡ್ಡದಾಗಿ ಬರೀಬ್ಯಾಡ್ರಿ, ಅದರಿಂದ ಇನ್ನೂ ಹತ್ತು ಮಂದಿಗೆ ಕುತೂಹಲ. ಫಾರ್ವರ್ಡ್ ಮಾಡಿದವ್ರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ ತೆಗಿಲಿಕ್ಕೆ ಹೇಳ್ರಿ. ಇಬರ್ಡ್ ಲಿಸ್ಟ್ ಹೈಡ್ ಮಾಡ್ರಿ, ಐನ್ಯಾಚುರಲಿಸ್ಟ್‌ನಾಗ ಆಬ್ಸ್ಕ್ಯೂರ್ಡ್‌ಗೆ ಬದಲಾಯಿಸ್ರಿ. ಹೊಲದವ್ರಿಗೆ ತಿಳಿಸ್ರಿ, ಅವ್ರು ಯಾರು ಬಂದ್ರೂ ಬ್ಯಾಡ ಅಂದ್ರ ಆ ಮಾತಿಗೆ ನಮ್ಮ ಮಾತಿಗಿಂತ ತೂಕ ಜಾಸ್ತಿ. ಗೂಬಿ ಇದ್ರ ಅದೇ ದಿನ ರೇಂಜ್ ಆಫೀಸಿಗೆ ಹೋಗಿ ಹೇಳ್ರಿ, ದೀಪಾವಳಿ ಹತ್ರ ಇದ್ರಂತೂ ರಾತ್ರಿ ಆ ಕಡಿ ಒಂದು ರೌಂಡ್ ಹಾಕ್ರಿ ಅಂತ ಕೇಳ್ಕೋರಿ.

ಹೆಂಗದ ನೋಡೋಣು ಅಂತ ದಿನಾ ಅಲ್ಲಿ ಹೋಗಬ್ಯಾಡ್ರಿ. ಎರಡು ವಾರ ಬಿಟ್ಟು, ಒಬ್ಬರೇ, ದೂರದ ದಾರಿ ಮ್ಯಾಲ ನಿಂತು ಬೈನಾಕ್ಯುಲರ್‌ಲೇ ನೋಡ್ರಿ. ಹಕ್ಕಿ ಇದ್ರ ತಾರೀಖು ಹಾಕಿ ಬರೀರಿ, ಇಲ್ಲಂದ್ರೂ ತಾರೀಖು ಹಾಕಿ ಇಲ್ಲ ಅಂತ ಬರೀರಿ, ಎಷ್ಟು ಹೊತ್ತು ನೋಡಿದ್ರಿ ಅನ್ನೋದೂ ಸಂಗಟ ಬರೀರಿ. ಮುಂದಿನ ವರ್ಷ ಅದೇ ತಿಂಗಳಿಗೆ ಫೋನಿನಾಗ ಒಂದು ರಿಮೈಂಡರ್ ಇಟ್ಕೋರಿ, ಜಾಗದ ಹೆಸರು ಹಾಕದೇ.